ಹೊಸ್ತಿಲಲ್ಲಿ ನಿಂತ ಯಂತ್ರ

ಕಾಲಿಗೆ ಹಾಕುವ ಬೂಟಿಗೂ ಮೇಜಿನ ಮೇಲಿನ ಕಂಪ್ಯೂಟರಿಗೂ ಏನು ಸಂಬಂಧ? ಯಂತ್ರವನ್ನು ಚಾಲೂ ಮಾಡುವುದಕ್ಕೆ 'ಬೂಟ್ ಮಾಡುವುದು' ಎನ್ನುತ್ತಾರಲ್ಲ, ಆ ಮಾತು ಬಂದದ್ದು ಬೂಟಿನ ಪಟ್ಟಿಯಿಂದ. ಬೂಟನ್ನು ಎಳೆದು ಹಾಕಿಕೊಳ್ಳಲು ಅದರ ಹಿಂಬದಿಯಲ್ಲಿ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ತಾನೇ ಹಿಡಿದೆಳೆದು ತನ್ನನ್ನು ತಾನೇ ಮೇಲಕ್ಕೆತ್ತಿಕೊಂಡ ಎಂದು ಇಂಗ್ಲಿಷಿನವರು ತಮಾಷೆಗೆ ಹೇಳುತ್ತಿದ್ದರು. ಆಗದ ಹೋಗದ ಕೆಲಸಕ್ಕೆ ಆಡುವ ಮಾತು ಅದು. ಕಂಪ್ಯೂಟರಿನವರು ಅದನ್ನೇ ಎತ್ತಿಕೊಂಡರು. ಏಕೆಂದರೆ ಕಂಪ್ಯೂಟರು ದಿನಾ ಬೆಳಿಗ್ಗೆ ಮಾಡುವುದು ಅದನ್ನೇ. ಡಿಸ್ಕಿನಲ್ಲಿ ಇರುವುದನ್ನು ಓದಬೇಕಾದರೆ ಒಂದು ತಂತ್ರಾಂಶ ಬೇಕು. ಆ ತಂತ್ರಾಂಶ ಇರುವುದು ಅದೇ ಡಿಸ್ಕಿನ ಒಳಗೆ! ಬೀರುವಿನ ಬೀಗದಕೈಯನ್ನು ಬೀರುವಿನಲ್ಲೇ ಇಟ್ಟು ಬಾಗಿಲು ಹಾಕಿಕೊಂಡಂತೆ. ಈ ಫಜೀತಿಯನ್ನು ಅದು ಪ್ರತಿದಿನ ಹೇಗೋ ದಾಟಿಬಿಡುತ್ತದೆ, ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಪರದೆಯ ಮೇಲೆ ಹಸಿರು ಗುಡ್ಡ ಬಂದಿರುತ್ತದೆ. ದಾಟಲಾರದೆ ಹೊಸ್ತಿಲಲ್ಲೇ ನಿಂತುಬಿಟ್ಟ ಯಂತ್ರವೊಂದನ್ನು ನಾನು 2023ರ ದಸರಾ ರಜೆಯಲ್ಲಿ ನಾಲ್ಕು ದಿನ ಹತ್ತಿರ ಕೂತು ನೋಡಿದೆ.

ನಮ್ಮದು ತಾಲ್ಲೂಕು ಕೇಂದ್ರದ ಒಂದು ಅನುದಾನಿತ ಪ್ರೌಢಶಾಲೆ. 2006ರಲ್ಲಿ ದಾನಿಗಳೊಬ್ಬರು ಕೊಡಿಸಿದ ಸರ್ವರು ಕಚೇರಿಯ ಮೂಲೆಯಲ್ಲಿ ಹದಿನೇಳು ವರ್ಷ ಕೂತಿತ್ತು. ಅದರಲ್ಲಿ ಇದ್ದದ್ದು ವಿಂಡೋಸ್ ಸರ್ವರ್ 2003. ಅದನ್ನು ಮಾಡಿದ ಕಂಪನಿ 2015ರ ಜುಲೈನಲ್ಲೇ ಅದರ ಕೈಬಿಟ್ಟಿತ್ತು. ನಾವು ಬಿಟ್ಟಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ ಅಡ್ಮಿಷನ್ ರಿಜಿಸ್ಟರು, ಟಿ.ಸಿ., ಅಂಕಪಟ್ಟಿ ಎಲ್ಲವೂ ಇದ್ದವು, ಹಳೆಯ ಸಂಕೇತದ ನುಡಿ ಅಕ್ಷರದಲ್ಲಿ. ಫೈಲುಗಳನ್ನು ಹೊಸ ಕಂಪ್ಯೂಟರಿಗೆ ಹಾಕಿ ನೋಡಿದರೆ ನಮ್ಮ ಊರಿನ ಹೆಸರು ಯಾವುದೋ ಗ್ರಹದ ಭಾಷೆಯಂತೆ ಕಾಣುತ್ತಿತ್ತು. ಪ್ರೋಗ್ರಾಮನ್ನು ಹಾಕಿದರೆ ಅದು ಹೊಸ ವಿಂಡೋಸಿನಲ್ಲಿ ಏಳುತ್ತಲೇ ಇರಲಿಲ್ಲ.

ಕಾಗದದ ರಿಜಿಸ್ಟರು ಇಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. 2006ರಿಂದ 2012ರವರೆಗಿನವು ದಾಖಲೆ ಕೋಣೆಯ ಕೆಳಗಿನ ಅರೆಯಲ್ಲಿದ್ದವು. ಗೆದ್ದಲು ಓದಿ ಮುಗಿಸಿತು.

ಹೀಗಿರುವಾಗ ಸೆಪ್ಟೆಂಬರಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿ ಬಂದಳು. 2007ರಲ್ಲಿ ಎಂಟನೆಯ ತರಗತಿಗೆ ಸೇರಿದವಳು; ಮೂರನೆಯ ಬೆಂಚಿನಲ್ಲಿ ಕೂತು ಸದಾ ಜಡೆಯ ತುದಿ ಕಚ್ಚುತ್ತಿದ್ದ ಹುಡುಗಿ. ಈಗ ಸೊಂಟದ ಮೇಲೊಂದು ಮಗು. "ಮೇಡಂ, ಲಿಸ್ಟಲ್ಲಿ ನನ್ನ ಹೆಸರು ಬಂದಿದೆ. ಕನ್ನಡ ಮಾಧ್ಯಮದ ಸರ್ಟಿಫಿಕೇಟು ಕೇಳ್ತಿದಾರೆ. ಅಡ್ಮಿಷನ್ ನಂಬರು ಬೇಕೇ ಬೇಕಂತೆ" ಎಂದಳು. ದಾಖಲೆ ಪರಿಶೀಲನೆಗೆ ತಿಂಗಳೊಪ್ಪತ್ತು ಬಾಕಿ. ಆ ವಾರವೇ ಕರೆಂಟು ಹೋಗಿ ಬಂದಾಗ ಸರ್ವರು ನಾಲ್ಕನೆಯ ಸಲ ಗುಂಡಿ ಒತ್ತಿದ ಮೇಲೆ ಎದ್ದಿತು. ಎದ್ದರೂ ಒಳಗೆ ಫ್ಯಾನು ಕಬ್ಬಿನ ಗಾಣದ ಹಾಗೆ ಕಿರುಗುಟ್ಟುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಹಲಗೆಯ ಮೇಲಿನ ಪುಟ್ಟ ಪುಟ್ಟ ಕೆಪಾಸಿಟರುಗಳ ನೆತ್ತಿ ಉಬ್ಬಿಕೊಂಡಿದ್ದವು. ಆ ಕಾಲದ ಯಂತ್ರಗಳಿಗೆ ಇದು ಸಾಮಾನ್ಯ ಕಾಯಿಲೆಯಂತೆ.

ರಜೆಗೆ ಬಂದ ನನ್ನ ತಮ್ಮನ ಮಗ ಇದನ್ನೆಲ್ಲ ನೋಡಿ, "ಅತ್ತೆ, ಇದರ ಮೈ ಹೋಗಲಿ ಬಿಡಿ, ಜೀವ ಎತ್ತಿಕೊಳ್ಳೋಣ" ಎಂದ. ಬೆಂಗಳೂರಿನಲ್ಲಿ ಅವನ ಕೆಲಸವೇ ಅದು. ಯಂತ್ರದೊಳಗಿನ ಡಿಸ್ಕನ್ನು ಅಕ್ಷರ ಬಿಡದಂತೆ ನಕಲು ಮಾಡಿ ಒಂದೇ ಒಂದು ದೊಡ್ಡ ಫೈಲು ಮಾಡುವುದು. ಹೊಸ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಹಾಕಿ, ಅದು ನಟಿಸುವ ಸುಳ್ಳು ಯಂತ್ರಕ್ಕೆ ಆ ಫೈಲನ್ನೇ ಡಿಸ್ಕೆಂದು ಕೊಡುವುದು. ಇದಕ್ಕೆ ವರ್ಚುಯಲ್ ಮಷೀನ್ ಎನ್ನುತ್ತಾರೆ. ಯೋಚನೆ ಹೊಸದೇನಲ್ಲ. ಐಬಿಎಂ ಕಂಪನಿ ತನ್ನ ದೊಡ್ಡ ಯಂತ್ರಗಳಿಗೆ ಇಂಥ ವ್ಯವಸ್ಥೆಯನ್ನು 1972ರಲ್ಲೇ ಮಾರಾಟಕ್ಕೆ ತಂದಿತ್ತು. ಮೇಜಿನ ಮೇಲಿನ ಸಣ್ಣ ಕಂಪ್ಯೂಟರುಗಳಿಗೆ ಅದನ್ನು ಇಳಿಸಿ ಹೆಸರು ಮಾಡಿದ್ದು 1998ರಲ್ಲಿ ಹುಟ್ಟಿದ ವಿಎಂವೇರ್. ಅದನ್ನು ಕಟ್ಟಿದ ಐವರಲ್ಲಿ ಒಬ್ಬಳು ಡಯಾನ್ ಗ್ರೀನ್ ಎಂಬ ಹೆಂಗಸು, ಹತ್ತು ವರ್ಷ ಅದರ ಯಜಮಾನಿಕೆ ನಡೆಸಿದವಳೂ ಅವಳೇ. ಇದನ್ನು ಕೇಳಿದ ಮೇಲೆ ನನಗೆ ಈ ವಿದ್ಯೆಯ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿತೆನ್ನಿ. ನಾವು ಬಳಸಿದ್ದು ಮಾತ್ರ ದುಡ್ಡು ಕೊಡಬೇಕಿಲ್ಲದ ವರ್ಚುಯಲ್‌ಬಾಕ್ಸ್.

ನಕಲು ತೆಗೆಯಲು ಡಿಸ್ಕ್‌ಟುವಿಹೆಚ್‌ಡಿ ಎಂಬ ಸಣ್ಣ ಉಪಕರಣದ ಹಳೆಯ ಆವೃತ್ತಿ ಸಿಕ್ಕಿತು. ಯಂತ್ರ ನಡೆಯುತ್ತಿರುವಾಗಲೇ ಅದು ಡಿಸ್ಕಿನ ಪಡಿಯಚ್ಚು ತೆಗೆಯುತ್ತದೆ. ಸಂಜೆ ಶುರುವಾದದ್ದು ರಾತ್ರಿ ಹತ್ತೂವರೆಗೆ ಮುಗಿಯಿತು. ಅಷ್ಟು ಹೊತ್ತೂ ಗುಮಾಸ್ತರು ಟೇಬಲ್ ಫ್ಯಾನನ್ನು ಸರ್ವರಿನ ಬೆನ್ನಿಗೆ ತಿರುಗಿಸಿ, ಜ್ವರದ ಮಗುವಿನ ಪಕ್ಕ ಕೂತ ಹಾಗೆ ಕೂತಿದ್ದರು. ಮುಗಿದ ಕೂಡಲೇ ಹುಡುಗ ಆ ಫೈಲಿಗೆ ಇನ್ನೊಂದು ನಕಲು ತೆಗೆದು, "ಮೊದಲನೇದನ್ನ ಯಾರೂ ಮುಟ್ಟಬಾರದು. ಏನೇ ಪ್ರಯೋಗ ಮಾಡಿದರೂ ಎರಡನೇದರ ಮೇಲೆ" ಎಂದು ಕಟ್ಟಪ್ಪಣೆ ಮಾಡಿದ. ಹಳೆಯ ಸರ್ವರಿನಿಂದ ನೆಟ್‌ವರ್ಕ್ ತಂತಿಯನ್ನೂ ಕಿತ್ತುಬಿಟ್ಟ. ಒಂದೇ ಹೆಸರು, ಒಂದೇ ವಿಳಾಸದ ಇಬ್ಬರು ಒಂದೇ ಬೀದಿಯಲ್ಲಿದ್ದರೆ ಅಂಚೆಯವನ ಗತಿ ಏನು?

ಹೊಸ ಯಂತ್ರದಲ್ಲಿ ಮೊದಲ ಸಲ ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ 'ಶೆಲ್' ಎಂಬ ಪದ ಮಿನುಗಿ ನಿಂತಿತು. ಅದಕ್ಕೆ ಕಾರಣ ಬೇಗ ಸಿಕ್ಕಿತು. ಯಂತ್ರವನ್ನು ಎಬ್ಬಿಸುವ ಕ್ರಮದಲ್ಲಿ ಹಳೆಯದು ಬಯಾಸ್, ಹೊಸದು ಇಎಫ್ಐ. ಸುಳ್ಳು ಯಂತ್ರ ಹೊಸ ಕ್ರಮದಲ್ಲಿ ಬಾಗಿಲು ತಟ್ಟುತ್ತಿತ್ತು, ಹಳೆಯ ಡಿಸ್ಕಿಗೆ ಆ ಸದ್ದೇ ತಿಳಿಯದು. ಒಂದು ಗುರುತು ತೆಗೆದರೆ ಸರಿಹೋಯಿತು. ಆಮೇಲೆ ಬಂತು ನಿಜವಾದ ತೊಂದರೆ. ವಿಂಡೋಸಿನ ಲಾಂಛನ ಕಾಣಿಸಿತು, ಎಲ್ಲರೂ ಚಪ್ಪಾಳೆಗೆ ಕೈ ಎತ್ತಿದೆವು, ಅಷ್ಟರಲ್ಲಿ ಒಂದು ನೀಲಿ ಮಿಂಚು, ಮತ್ತೆ ಮೊದಲಿನಿಂದ. ಲಾಂಛನ, ಮಿಂಚು, ಲಾಂಛನ, ಮಿಂಚು. ಆ ಮಿಂಚಿನಲ್ಲಿ ಏನೋ ಬರೆದಿತ್ತು, ಓದಲು ಬಿಡುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ವಿಡಿಯೋ ಹಿಡಿದು, ಆ ಕ್ಷಣಕ್ಕೆ ನಿಲ್ಲಿಸಿ ತೋರಿಸಿದೆ. ಹಲವು ಸೊನ್ನೆಗಳಾದ ಮೇಲೆ 7ಬಿ ಎಂಬ ಸಂಖ್ಯೆ. ಆಮೇಲೆ ಹುಡುಗ ಏರಿಸುವಾಗಲೇ ಎಫ್8 ಒತ್ತಿ, ತಪ್ಪಾದರೆ ತಾನಾಗಿ ಮತ್ತೆ ಶುರುವಾಗಬೇಡ ಎಂಬ ಸಾಲನ್ನು ಆರಿಸಿದ. ನೀಲಿ ಪರದೆ ನೆಟ್ಟಗೆ ನಿಂತಿತು. ಅದರ ಅರ್ಥ, ಬೂಟ್ ಆಗಬೇಕಾದ ಡಿಸ್ಕು ಕೈಗೆ ಎಟಕುತ್ತಿಲ್ಲ ಎಂದು.

ಗುಮಾಸ್ತರ ಮುಖ ಸಣ್ಣಗಾಯಿತು. "ಎಲ್ಲಾ ಹೋಯ್ತಾ ಮೇಡಂ?" ಮುಖ್ಯೋಪಾಧ್ಯಾಯರು ಪೇಟೆಯ ರಿಪೇರಿಯವನಿಗೆ ಫೋನು ಮಾಡಿದರು. ಆತ ಫೋನಿನಲ್ಲೇ, "ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡ್ತೀನಿ ಸಾರ್" ಎಂದ. ಹೊಸದಾಗಿ ಹಾಕಿದರೆ ಯಂತ್ರ ಏಳುತ್ತದೆ, ನಿಜ. ಎದ್ದು ಏನು ಮಾಡುವುದು? ಜ್ಞಾಪಕವೇ ಇಲ್ಲದ ಅಜ್ಜಿಯನ್ನು ಎಬ್ಬಿಸಿ ಕೂರಿಸಿ ಕತೆ ಹೇಳು ಎಂದ ಹಾಗೆ. ನೀಲಿ ಪರದೆ ಕಂಡ ಕೂಡಲೇ ಫಾರ್ಮ್ಯಾಟ್ ಎನ್ನುವವರ ಮೇಲೆ ನನಗೆ ಅಂದಿನಿಂದ ಒಂದು ಸಿಟ್ಟು ಇದೆ.

ಏನಾಗಿತ್ತು ಎಂದು ಹುಡುಗ ವಿವರಿಸಿದ್ದನ್ನು ನಾನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಹೊಸ್ತಿಲವರೆಗೆ ಜೊತೆಯಲ್ಲಿ ಬರುತ್ತಾರೆ. ಮಡಿಲಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿರುತ್ತಾರೆ. ಸೇರಕ್ಕಿ ಒದ್ದು ಒಳಗೆ ಹೋದ ಮೇಲೆ ಅವರ ಕೆಲಸ ಮುಗಿಯಿತು. ಮಾರನೆಯ ದಿನ ಬೆಳಗಿನ ಜಾವ ಕತ್ತಲಲ್ಲಿ ಎದ್ದು ಒಲೆ ಹಚ್ಚಬೇಕಾದವಳು ಅವಳೇ. ಕೈ ತಾನಾಗಿ ತವರಿನಲ್ಲಿ ಬೆಂಕಿಪೊಟ್ಟಣ ಇರುತ್ತಿದ್ದ ಗೂಡಿನ ಕಡೆಗೆ ಹೋಗುತ್ತದೆ. ಅಲ್ಲಿ ಗೂಡೇ ಇಲ್ಲ, ಬರಿಯ ಗೋಡೆ. ಮನೆಯಲ್ಲಿ ಬೆಂಕಿಪೊಟ್ಟಣ ಇಲ್ಲವೆಂದಲ್ಲ. ಅವಳಿಗೆ ಅಡುಗೆ ಬರುವುದಿಲ್ಲವೆಂದೂ ಅಲ್ಲ.

ಯಂತ್ರದಲ್ಲೂ ಹಾಗೆಯೇ. ಏಳುವಾಗ ಮೊದಲು ಬಯಾಸ್ ಕೈಹಿಡಿದು ನಡೆಸುತ್ತದೆ. ಅದರ ಸಹಾಯದಿಂದಲೇ ವಿಂಡೋಸಿನ ತಿರುಳನ್ನೂ ಅದರ ಜೊತೆಗೆ ಬೇಕಾದ ಕೆಲವು ಡ್ರೈವರುಗಳನ್ನೂ ಡಿಸ್ಕಿನಿಂದ ಎತ್ತಿ ಮಡಿಲಿಗೆ ಹಾಕುತ್ತಾರೆ. ಆಮೇಲೆ ಬಯಾಸ್ ಹಿಂದಕ್ಕೆ ಸರಿಯುತ್ತದೆ. ಮುಂದಿನದನ್ನು ಓದಬೇಕಾದರೆ ಆ ಮಡಿಲಿನಲ್ಲಿರುವ ಡ್ರೈವರಿನಿಂದಲೇ ಓದಬೇಕು. ನಮ್ಮ ಹಳೆಯ ಸರ್ವರಿನಲ್ಲಿದ್ದದ್ದು ಇಂಟೆಲ್ ಅಲ್ಲದ ಬೇರೆ ಕಂಪನಿಯ ನಿಯಂತ್ರಕ. ಅದಕ್ಕೆ ತಕ್ಕ ಡ್ರೈವರು ಮಡಿಲಲ್ಲಿತ್ತು. ವರ್ಚುಯಲ್‌ಬಾಕ್ಸ್ ನಟಿಸುತ್ತಿದ್ದದ್ದು ಇಂಟೆಲಿನ ಹಳೆಯ ಐಡಿಇ ನಿಯಂತ್ರಕವನ್ನು. ಅದಕ್ಕೆ ಬೇಕಾದ ಡ್ರೈವರಿನ ಹೆಸರು ಇಂಟೆಲ್‌ಐಡಿಇ. ಗಾತ್ರ ಹತ್ತು ಕಿಲೋಬೈಟೂ ಇಲ್ಲ, ಒಂದು ಮಗು ಬರೆದ ಪ್ರಬಂಧದಷ್ಟು. ಅದೊಂದು ಮಡಿಲಲ್ಲಿ ಇರಲಿಲ್ಲ. ಸಾವಿರಾರು ಮಕ್ಕಳ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಅಂಕ ಎಲ್ಲವೂ ಇದ್ದಲ್ಲೇ ಇದ್ದವು. ಸೇಫ್ ಮೋಡಿನಲ್ಲಿ ಎಬ್ಬಿಸಿ ನೋಡಿ ಎಂದು ಮುಖ್ಯೋಪಾಧ್ಯಾಯರು ಸೂಚಿಸಿದರು. ಅದರಿಂದ ಇಲ್ಲಿ ಉಪಯೋಗವಿಲ್ಲ. ಸೇಫ್ ಮೋಡ್ ಕೂಡ ಡಿಸ್ಕಿನಿಂದಲೇ ತಾನೇ ಏಳಬೇಕು?

ಎರಡನೆಯ ದಿನ ಅವನು ಮಾಡಿದ್ದನ್ನು ನೋಡುತ್ತಾ ನನಗೆ ಯಾವುದೋ ಸೂಲಗಿತ್ತಿಯ ಕೈಕೆಲಸ ನೋಡಿದ ಹಾಗಾಯಿತು. ಏಳಲಾರದ ಡಿಸ್ಕನ್ನು ಏಳಿಸುವ ಗೋಜಿಗೇ ಹೋಗಲಿಲ್ಲ. ಆ ಫೈಲನ್ನು ಹೊಸ ಕಂಪ್ಯೂಟರಿಗೆ ಎರಡನೆಯ ಡಿಸ್ಕಿನಂತೆ ಜೋಡಿಸಿದ. ಕಂಪ್ಯೂಟರಿನಲ್ಲಿ ಒಂದು ಹೊಸ ಅಕ್ಷರದ ಡ್ರೈವ್ ಕಾಣಿಸಿತು. ತೆರೆದರೆ ನಮ್ಮ ಸರ್ವರಿನ ಫೋಲ್ಡರುಗಳೆಲ್ಲ ಅಚ್ಚುಕಟ್ಟಾಗಿ ಕೂತಿವೆ. ಗುಮಾಸ್ತರು ಉಸಿರು ಬಿಟ್ಟದ್ದು ಆಗ. ಬೇಕಾಗಿದ್ದ ಡ್ರೈವರಿಗಾಗಿ ಊರೆಲ್ಲ ಹುಡುಕಬೇಕಾಗಲಿಲ್ಲ. ವಿಂಡೋಸನ್ನು ಹಾಕುವಾಗಲೇ ಬೇಕಾಗಬಹುದಾದ ಡ್ರೈವರುಗಳನ್ನೆಲ್ಲ ಒಂದು ಗಂಟು ಕಟ್ಟಿ, 'ಡ್ರೈವರ್ ಕ್ಯಾಶ್' ಎಂಬ ಫೋಲ್ಡರಿನಲ್ಲಿ ಅಟ್ಟಕ್ಕೆ ಹಾಕಿರುತ್ತಾರೆ. ಹದಿನೇಳು ವರ್ಷ ಅದು ಅಲ್ಲೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಬಿಚ್ಚಿ, ಇಂಟೆಲ್‌ಐಡಿಇಯನ್ನು ತೆಗೆದು, ಡ್ರೈವರುಗಳ ಫೋಲ್ಡರಿಗೆ ಹಾಕಿದ.

ಹಾಕಿದರೆ ಸಾಲದು. ರಿಜಿಸ್ಟ್ರಿ ಎಂದು ಒಂದಿದೆ, ವಿಂಡೋಸಿನ ಹಾಜರಿ ಪುಸ್ತಕ. ಏಳಲಾರದ ಯಂತ್ರದ ಆ ಪುಸ್ತಕವನ್ನು ಹೊಸ ಕಂಪ್ಯೂಟರಿನ ರೆಜ್‌ಎಡಿಟಿನಿಂದಲೇ ಹೊರಗಿನಿಂದ ತೆರೆಯಬಹುದು. 'ಲೋಡ್ ಹೈವ್' ಎಂಬ ಸಾಲು ಅದಕ್ಕೇ ಇರುವುದು. ತೆರೆದು, ಸರ್ವಿಸಸ್ ಎಂಬಲ್ಲಿ ಇಂಟೆಲ್‌ಐಡಿಇಯ ಹೆಸರು ಹುಡುಕಿದ. ಅದರ ಮುಂದೆ 'ಸ್ಟಾರ್ಟ್' ಎಂಬ ಕಲಮಿನಲ್ಲಿ 4 ಎಂದಿತ್ತು.

"ನಾಲ್ಕು ಅಂದ್ರೆ ಒಳ್ಳೇದೇ ತಾನೇ?" ಎಂದೆ.

"ಇಲ್ಲಿ ಸೊನ್ನೆ ಬಂದವನೇ ಫಸ್ಟು, ಅತ್ತೆ."

ಈ ಲೆಕ್ಕ ನನಗೆ ತುಂಬಾ ಹಿಡಿಸಿತು. ಸೊನ್ನೆ ಎಂದರೆ ಬಯಾಸ್ ಕೈಹಿಡಿದಿರುವಾಗಲೇ ಮಡಿಲಿಗೆ ಬೀಳಬೇಕಾದವನು. ಒಂದು ಎಂದರೆ ಅವನ ಹಿಂದೆಯೇ ಬರುವವನು. ಎರಡು, ಯಂತ್ರ ಎದ್ದ ಮೇಲೆ ತಾನಾಗಿ ಬರುವವನು. ಮೂರು, ಕರೆದರೆ ಬರುವವನು. ನಾಲ್ಕು, ತರಗತಿಯಿಂದ ಹೊರಗೆ ನಿಲ್ಲಿಸಿದವನು. ಇಷ್ಟು ವರ್ಷ ಸೊನ್ನೆ ಬಂದವರನ್ನು ಕೊನೆಯ ಬೆಂಚಿಗೆ ಕಳಿಸುವ ಇಲಾಖೆಯಲ್ಲಿ ದುಡಿದ ನನಗೆ, ಸೊನ್ನೆಯನ್ನು ಮೊದಲ ಬೆಂಚಿನಲ್ಲಿ ಕೂರಿಸುವ ಒಂದು ಜಾಗ ಲೋಕದಲ್ಲಿದೆ ಎಂದು ತಿಳಿದದ್ದೇ ಒಂದು ಸಂತೋಷ. ಹುಡುಗ 4 ಅಳಿಸಿ 0 ಬರೆದ. ಇನ್ನೊಂದು ಪಟ್ಟಿಯಲ್ಲಿ, ಯಾವ ಸಂಖ್ಯೆಯ ಸಾಧನ ಬಂದರೆ ಯಾರನ್ನು ಕರೆಯಬೇಕು ಎಂದು ಬರೆದಿರುತ್ತದೆ. ಇಂಟೆಲ್ ಕಂಪನಿಯ ಸಂಖ್ಯೆ 8086. ಅದು 1978ರಲ್ಲಿ ಅವರೇ ತಂದ ಹೆಸರಾಂತ ಪ್ರೊಸೆಸರಿನ ಹೆಸರು. ಮನೆತನದ ಹೆಸರನ್ನೇ ಮನೆ ನಂಬರು ಮಾಡಿಕೊಂಡಿದ್ದಾರೆ. ಸುಳ್ಳು ನಿಯಂತ್ರಕದ ಸಂಖ್ಯೆ 7111. 'ಈ ಮನೆಯ ಈ ನಂಬರಿನವರು ಬಂದರೆ ಇಂಟೆಲ್‌ಐಡಿಇಯನ್ನು ಕರೆ' ಎಂದು ಒಂದು ನಮೂದು ಸೇರಿಸಿದ. ಪುಸ್ತಕ ಮುಚ್ಚಿದ. ಡಿಸ್ಕನ್ನು ಕಳಚಿ ಮತ್ತೆ ಸುಳ್ಳು ಯಂತ್ರಕ್ಕೆ ಕೊಟ್ಟ.

ಇದನ್ನೇ ಹಳೆಯ ಸರ್ವರಿನಲ್ಲಿ, ಅದು ಇನ್ನೂ ನಡೆಯುತ್ತಿರುವಾಗಲೇ ಮಾಡಿ ಆಮೇಲೆ ನಕಲು ತೆಗೆಯಬಹುದಿತ್ತಲ್ಲ ಎಂದು ಕೇಳಿದೆ. "ಅದೇ ಸರಿಯಾದ ದಾರಿ. ಆದರೆ ಅದನ್ನ ಇನ್ನೊಂದು ಸಲ ಆಫ್ ಮಾಡಿ ಆನ್ ಮಾಡೋ ಧೈರ್ಯ ಯಾರಿಗಿತ್ತು?" ಎಂದ. ಆ ಮಾತೂ ನಿಜ. ನಿಮ್ಮ ಶಾಲೆಯಲ್ಲೋ ಬ್ಯಾಂಕಿನಲ್ಲೋ ಸಂಘದಲ್ಲೋ ಇಂಥ ಮುದಿ ಯಂತ್ರವಿದ್ದು, ಅದಕ್ಕೆ ಇನ್ನೂ ಕಸುವಿದ್ದರೆ, ಹೊಸ ಮನೆಯ ಬೀಗದಕೈಯನ್ನು ತವರಿನಲ್ಲಿರುವಾಗಲೇ ಸೆರಗಿಗೆ ಕಟ್ಟಿ ಕಳಿಸುವುದು ಮೇಲು.

ಗುಂಡಿ ಒತ್ತಿದೆವು. ಲಾಂಛನ ಬಂತು. ಮಿಂಚಲಿಲ್ಲ. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಗುಮಾಸ್ತರು ಎಂದೋ ಹಾಕಿಕೊಂಡಿದ್ದ ಜೋಗದ ಚಿತ್ರ ಪರದೆಯ ತುಂಬ ಬಂತು, ಬಲಗಡೆಯ ಮೂಲೆಯಲ್ಲಿ ಅವರು ಇಟ್ಟ ಜಾಗದಲ್ಲೇ ಅಡ್ಮಿಷನ್ ಪ್ರೋಗ್ರಾಮಿನ ಗುರುತು.

ಆದರೂ ಒಂದು ಭೂತ ಉಳಿದಿತ್ತು. ಹಳೆಯ ವಿಳಾಸವನ್ನೇ ಹೊಸ ನೆಟ್‌ವರ್ಕ್ ಕಾರ್ಡಿಗೆ ಕೊಡಲು ಹೋದರೆ, ಆ ವಿಳಾಸ ಇನ್ನೊಂದು ಕಾರ್ಡಿನ ಹೆಸರಿನಲ್ಲಿದೆ, ಅದು ಕಣ್ಣಿಗೆ ಕಾಣುತ್ತಿಲ್ಲ ಅಷ್ಟೆ ಎಂಬ ಎಚ್ಚರಿಕೆ ಬಂತು. ಇದೇನು ಯಂತ್ರದಲ್ಲೂ ಪಿಶಾಚಿಯೇ ಎಂದು ಗುಮಾಸ್ತರು ನಕ್ಕರು. ಹಳೆಯ ಸರ್ವರಿನ ಕಾರ್ಡಿನ ನೆನಪು ಅದು. ದೇಹವಿಲ್ಲದಿದ್ದರೂ ಹೆಸರು ಪುಸ್ತಕದಲ್ಲಿ ಉಳಿದಿತ್ತು. ಅದೃಶ್ಯ ಸಾಧನಗಳನ್ನೂ ತೋರಿಸು ಎಂದು ಕೇಳಿದರೆ ಪಟ್ಟಿಯಲ್ಲಿ ಮಂಕಾಗಿ ಕಾಣಿಸುತ್ತದೆ, ಅಲ್ಲಿಂದ ಅಳಿಸಬೇಕು. ಅಳಿಸಿದ ಮೇಲೆ ವಿಳಾಸ ಕೂತಿತು.

ಪ್ರೋಗ್ರಾಮು ತೆರೆದು ಹುಡುಗಿಯ ಹೆಸರು ನಾನೇ ಬೆರಳಚ್ಚಿಸಿದೆ. ಅಡ್ಮಿಷನ್ ನಂಬರು, ಸೇರಿದ ದಿನ, ಕಲಿಕೆಯ ಮಾಧ್ಯಮ: ಕನ್ನಡ. ನುಡಿ ಅಕ್ಷರದಲ್ಲಿ, ಒತ್ತು ದೀರ್ಘಗಳ ಸಮೇತ. ಪ್ರಮಾಣಪತ್ರ ಮುದ್ರಿಸಿ, ಮುಖ್ಯೋಪಾಧ್ಯಾಯರ ಸಹಿ ಮೊಹರು ಹಾಕಿಸಿ, ಫೋನು ಮಾಡಿದೆ. ಅವಳು ಮಧ್ಯಾಹ್ನದ ಬಸ್ಸಿಗೇ ಬಂದಳು. ಕಾಗದವನ್ನು ಎರಡು ಸಲ ಓದಿ, ಮಡಚದೆ, ಪ್ಲಾಸ್ಟಿಕ್ ಕವರಿಗೆ ಹಾಕಿ, ಮಗುವಿನ ಕೈಗೆ ಸಿಗದಂತೆ ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

ನಾಲ್ಕನೆಯ ದಿನ ಹುಡುಗ ಊರಿಗೆ ಹೊರಟ. ಗ್ರಂಥಾಲಯದ ಮುದಿ ಯಂತ್ರ ಬಾಕಿ ಇತ್ತು. 2008ರಲ್ಲಿ ಸೆಂಟ್‌ಓಎಸ್ 5 ಎಂಬ ಲಿನಕ್ಸ್ ಹಾಕಿದ್ದು, ಪುಸ್ತಕಗಳ ಪಟ್ಟಿ ಅದರಲ್ಲಿದೆ. ನಕಲನ್ನು ಅವನು ತೆಗೆದಿಟ್ಟಿದ್ದ. ಎಬ್ಬಿಸಲು ಕೂತವಳು ನಾನು. ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಸಾಲು ಸಾಲು ಓಡಿ, ಕೊನೆಗೆ 'ಕರ್ನಲ್ ಪ್ಯಾನಿಕ್' ಎಂದು ನಿಂತಿತು. ಪ್ಯಾನಿಕ್ ಎಂದರೆ ಗಾಬರಿ. ಲಿನಕ್ಸಿನವರು ಸಂಖ್ಯೆ ಗಿಂಖ್ಯೆ ಹೇಳದೆ ನೇರವಾಗಿ ಗಾಬರಿಯಾಗಿದೆ ಎನ್ನುತ್ತಾರೆ, ಅದು ನನಗೆ ಮೆಚ್ಚುಗೆಯಾಯಿತು. ಫೋನು ಹಚ್ಚಿ ಮೇಲಿನ ಸಾಲುಗಳನ್ನು ಓದಿ ಹೇಳಿದೆ.

"ರೂಟ್ ಸಿಗ್ತಿಲ್ಲ ಅಂತಿದೆ. ಅತ್ತೆ, ಡಿಸ್ಕು ಸಾಟಾಗೆ ಸೇರಿದೆಯಾ, ಐಡಿಇಗಾ?"

"ಸಾಟಾ ಅಂತ ಬರೆದಿದೆ."

"ಅಲ್ಲಿಂದ ತೆಗೆದು ಐಡಿಇಗೆ ಹಾಕಿ ನೋಡಿ."

ಇದೂ ಅದೇ ಕಾಯಿಲೆ. ಲಿನಕ್ಸಿನಲ್ಲಿ ಮಡಿಲಿಗೆ ಇನಿಟ್‌ಆರ್‌ಡಿ ಎನ್ನುತ್ತಾರೆ. ಆ ಮಡಿಲಲ್ಲಿ ಸಾಟಾದ ಡ್ರೈವರು ಇಲ್ಲ. ಅದನ್ನು ಹೊಸದಾಗಿ ಕಟ್ಟಿಸುವ ದಾರಿಯೂ ಇದೆ: ಅನುಸ್ಥಾಪನೆಯ ಸಿ.ಡಿ.ಯಿಂದ ರೆಸ್ಕ್ಯೂ ಎಂಬ ಕ್ರಮದಲ್ಲಿ ಎಬ್ಬಿಸಿ, ಒಳಗೆ ಹೋಗಿ ಮಡಿಲನ್ನು ಮತ್ತೆ ತುಂಬಬೇಕು. ಆದರೆ ಇದರ ಹಳೆಯ ಮನೆಯಲ್ಲಿದ್ದದ್ದು ಇಂಟೆಲಿನ ಐಡಿಇ ನಿಯಂತ್ರಕವೇ, ಅದನ್ನು ವರ್ಚುಯಲ್‌ಬಾಕ್ಸ್ ಚೆನ್ನಾಗಿ ನಟಿಸುತ್ತದೆ. ಸೊಸೆಗೆ ಪಾಠ ಹೇಳುವ ಬದಲು ಬೆಂಕಿಪೊಟ್ಟಣವನ್ನು ಅವಳ ಕೈ ಹೋಗುವ ಕಡೆಗೇ ಇಟ್ಟರಾಯಿತು. ಸರ್ವರಿಗೆ ಈ ಉಪಕಾರ ಮಾಡುವಂತಿರಲಿಲ್ಲ. ಅದು ಬಲ್ಲ ನಿಯಂತ್ರಕವನ್ನು ನಟಿಸಲು ವರ್ಚುಯಲ್‌ಬಾಕ್ಸಿಗೆ ಬರುವುದಿಲ್ಲ. ಮೌಸಿನ ನಾಲ್ಕು ಒತ್ತಿನಲ್ಲಿ ಡಿಸ್ಕು ಐಡಿಇಗೆ ಬಂತು, ಗಾಬರಿ ಇಳಿಯಿತು, ಯಂತ್ರ ಎದ್ದಿತು. ನೆಟ್‌ವರ್ಕ್ ಕಾರ್ಡಿನ ಭೂತ ಇಲ್ಲೂ ಇತ್ತು. ಒಂದು ಸಣ್ಣ ಫೈಲಿನಲ್ಲಿ ಹಳೆಯ ಕಾರ್ಡಿನ ಸಂಖ್ಯೆ ಬರೆದಿದ್ದ ಸಾಲನ್ನು ಅಳಿಸಿದೆ, ಹೋಯಿತು.

ಆಯುಧಪೂಜೆಯ ದಿನ ಗುಮಾಸ್ತರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಚೇರಿಗೆ ಬಂದರು. ಟೈಪ್‌ರೈಟರಿಗೆ ಇಟ್ಟರು, ಬೀರುವಿಗೆ ಇಟ್ಟರು, ಗಂಟೆಗೆ ಇಟ್ಟರು. ಹೊಸ ಕಂಪ್ಯೂಟರಿನ ಮುಂದೆ ಬಂದು ತಡೆದರು. "ಮೇಡಂ, ಸರ್ವರಿಗೆ ಎಲ್ಲಿ ಇಡೋದು? ಮೈಯೇ ಇಲ್ಲವಲ್ಲ." ನಾನು ಪೆಟ್ಟಿಗೆಯ ಕಡೆ ಕೈ ತೋರಿಸಿದೆ. ಅವರು ಸ್ವಲ್ಪ ಯೋಚಿಸಿ, ಪೆಟ್ಟಿಗೆಯ ಮೇಲೆ ಸಾಲಾಗಿ ಮೂರು ಬೊಟ್ಟು ಇಟ್ಟರು. ಅದಕ್ಕೊಂದು, ಒಳಗಿರುವ ಇಬ್ಬರಿಗೆ ಎರಡು.